ನೇಕಾರನ ಮಗ ಕಟ್ಟಿಸಿದ ಸಂಗೀತ ಸಭಾಂಗಣ

ಕಳೆದ ಮಳೆಗಾಲದ ಒಂದು ಭಾನುವಾರ ಬೆಟಗೇರಿಯಲ್ಲಿ ಬೆಳಗಿನಿಂದ ಕರೆಂಟು ಇರಲಿಲ್ಲ. ಕುಣಿಮಗ್ಗಕ್ಕೆ ಕರೆಂಟು ಬೇಡ, ನೇಯುವವನ ಕಣ್ಣಿಗೆ ಬೆಳಕು ಬೇಕು. ಅಪ್ಪ ಮಗ್ಗದಿಂದ ಎದ್ದು ಪಡಸಾಲೆಗೆ ಬಂದ. ನಾನು ಯಾರ ಜೀವನಚರಿತ್ರೆ ಓದುತ್ತಿದ್ದೇನೆ ಎಂದು ಕೇಳಿದ. ಆಂಡ್ರ್ಯೂ ಕಾರ್ನೆಗಿ, ಅಮೆರಿಕದ ಉಕ್ಕಿನ ಕಾರ್ಖಾನೆಗಳ ಒಡೆಯ, ಹುಟ್ಟಿನಿಂದ ನೇಕಾರನ ಮಗ ಎಂದೆ. "ಹಾಗಾದರೆ ಮೊದಲಿನಿಂದ ಹೇಳು" ಎಂದು ಗೋಡೆಗೆ ಒರಗಿ ಕುಳಿತ.

ಸ್ಕಾಟ್ಲೆಂಡಿನ ಡನ್‌ಫರ್ಮ್ಲಿನ್‌ನಲ್ಲಿ ಕಾರ್ನೆಗಿಯ ತಂದೆ ಕೈಮಗ್ಗದಲ್ಲಿ ಚಿತ್ತಾರದ ಲಿನನ್ ಬಟ್ಟೆ ನೇಯುತ್ತಿದ್ದ. ಉಗಿಯಂತ್ರದ ಮಗ್ಗಗಳು ಬಂದವು, ಕೆಲಸ ಹೋಯಿತು. 1848ರಲ್ಲಿ ಸಾಲ ಮಾಡಿ ಕುಟುಂಬ ಹಡಗು ಹತ್ತಿತು. ಹದಿಮೂರರ ಹುಡುಗ ಅಮೆರಿಕದ ಹತ್ತಿ ಗಿರಣಿಯಲ್ಲಿ ಕಂಡಿಕೆಯ ಕೆಲಸಕ್ಕೆ ಸೇರಿದ. ದಿನಕ್ಕೆ ಹನ್ನೆರಡು ತಾಸು, ವಾರಕ್ಕೆ 1 ಡಾಲರ್ 20 ಸೆಂಟ್.

ಬಾಗಿಲ ಬೆಳಕಿನಲ್ಲಿ ಕಂಡಿಕೆ ಸುತ್ತುತ್ತಿದ್ದ ಅವ್ವ ರಾಟೆ ನಿಲ್ಲಿಸಿದಳು. "ಶಾಲೆ?"

ಬಿಟ್ಟನವ್ವಾ ಎಂದೆ. ಆದರೆ ಕರ್ನಲ್ ಆ್ಯಂಡರ್ಸನ್ ಎಂಬುವರು ತಮ್ಮ ಸುಮಾರು 400 ಪುಸ್ತಕಗಳನ್ನು ಶನಿವಾರಗಳಂದು ದುಡಿಯುವ ಹುಡುಗರಿಗೆ ತೆರೆದಿಟ್ಟಿದ್ದರು. ಊರಿನ ಗ್ರಂಥಾಲಯದ ಬೆಂಚಿನ ಮೇಲೆ ಕುಳಿತು ಓದಿಯೇ ನೌಕರಿ ಹಿಡಿದವನು ನಾನು. ಈ ಭಾಗವನ್ನು ಬಹಳ ಹೊತ್ತು ಹೇಳಿದೆ. ಆ್ಯಂಡರ್ಸನ್ನರ ಋಣವನ್ನು ಕಾರ್ನೆಗಿ ಮರೆಯಲಿಲ್ಲ. ಮುಂದೆ 2,500ಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಹಣ ಕೊಟ್ಟ.

ಸಂಗೀತದ ಮಾತು ಬಂದಾಗ ಅಪ್ಪನ ಮುಖ ಅರಳಿತು. ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಎದುರು ಕುಳಿತು ಕೇಳಿದ ಕಿವಿ ಅದು. ಕಾರ್ನೆಗಿ 7,000ಕ್ಕೂ ಹೆಚ್ಚು ಆರ್ಗನ್‌ಗಳನ್ನು ಚರ್ಚುಗಳಿಗೆ ಕೊಡಿಸಿದ ಎಂದೆ. ಆರ್ಗನ್ ಎಂದರೆ ನಮ್ಮ ಪೇಟಿಯ ದೊಡ್ಡಣ್ಣ, ಗೋಡೆಯಷ್ಟು ಎತ್ತರ, ಕೊಳವೆಗಳಲ್ಲಿ ಗಾಳಿ ನುಗ್ಗಿ ನುಡಿಯುತ್ತದೆ ಎಂದು ವಿವರಿಸಿದೆ. ನ್ಯೂಯಾರ್ಕಿನಲ್ಲಿ ಅವನು ಕಟ್ಟಿಸಿದ ಸಭಾಂಗಣ 1891ರಲ್ಲಿ ತೆರೆದಾಗ ರಷ್ಯಾದಿಂದ ಹೆಸರಾಂತ ಸಂಗೀತ ರಚನಕಾರ ಚೈಕೋವ್‌ಸ್ಕಿ ಬಂದು ವಾದ್ಯವೃಂದ ನಡೆಸಿದ್ದ. "ದೊಡ್ಡ ಕೆಲಸ" ಎಂದ ಅಪ್ಪ.

ಅಲ್ಲಿಗೇ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಮರುವರ್ಷ, 1892ರಲ್ಲಿ, ಹೋಮ್‌ಸ್ಟೆಡ್ ಎಂಬ ಊರಿನ ಅವನದೇ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಇಳಿಸುವ ವಿಷಯಕ್ಕೆ ಜಗಳವಾಯಿತು. ಕಾರ್ಮಿಕರನ್ನು ಹೊರಗಿಟ್ಟು ಬಾಗಿಲು ಹಾಕಿದರು. ಬಾಡಿಗೆಯ ಬಂದೂಕುಧಾರಿಗಳು ಬಂದರು, ಎರಡೂ ಕಡೆ ಹೆಣಗಳು ಬಿದ್ದವು, ಕೊನೆಗೆ ಕಾರ್ಮಿಕ ಸಂಘ ಮುರಿಯಿತು. ಕಾರ್ನೆಗಿ ಆಗ ಸ್ಕಾಟ್ಲೆಂಡಿನಲ್ಲಿದ್ದ. ಆದರೆ ವ್ಯವಸ್ಥಾಪಕ ಫ್ರಿಕ್‌ಗೆ ಅವನ ಒಪ್ಪಿಗೆ ಇತ್ತು.

"ಅವನ ಅಪ್ಪ ಆಗ ಬದುಕಿದ್ದನೇ?"

1855ರಲ್ಲೇ ತೀರಿಕೊಂಡಿದ್ದ ಎಂದೆ.

"ಇದ್ದಿದ್ದರೆ ಮಗನನ್ನು ಕೇಳುತ್ತಿದ್ದ."

ನಾನು ಕಾರ್ನೆಗಿಯ ಪರ ವಾದಿಸಿದೆ. ಆ ಸಭಾಂಗಣಕ್ಕೂ ಗ್ರಂಥಾಲಯಗಳಿಗೂ ಈಗಲೂ ನನ್ನ ಮನಸ್ಸು ಕೈಮುಗಿಯುತ್ತದೆ. 1898ರಲ್ಲಿ ಹೋಮ್‌ಸ್ಟೆಡ್‌ನಲ್ಲೇ ಗ್ರಂಥಾಲಯ ತೆರೆಯಿತು, ಅದರೊಳಗೆ ಸಂಗೀತದ ಸಭಾಂಗಣವೂ ಇತ್ತು ಎಂದು ಹೇಳಿದೆ.

"ಹನ್ನೆರಡು ತಾಸು ಕುಲುಮೆಯ ಮುಂದೆ ನಿಂತವನು ಯಾವಾಗ ಓದಬೇಕು, ಯಾವಾಗ ಹಾಡು ಕೇಳಬೇಕು?"

"ಅವನ ಮಕ್ಕಳು ಓದಿರಬಹುದಲ್ಲ ಅಪ್ಪಾ."

"ಮಕ್ಕಳು ಓದಲಿ, ಬೇಡ ಎಂದವರಾರು? ಅಪ್ಪಂದಿರ ಕೂಲಿಯನ್ನೂ ಕೊಡಬೇಕಿತ್ತು."