ಚಾಚಿದ ಕೈಗಳು

ಪತ್ರಿಕೆಗಳಿಗೆ ಫೋಟೊ ತೆಗೆಯುತ್ತಲೇ ಇಪ್ಪತ್ತಾರು ವರ್ಷ ಕಳೆದವನು ನಾನು. ಯಾವ ಚಿತ್ರ ಕಂಡರೂ, ಕ್ಯಾಮೆರಾ ಹಿಡಿದವನು ಎಲ್ಲಿ ನಿಂತಿದ್ದ, ಅವನನ್ನು ಅಲ್ಲಿಗೆ ಕರೆದವರು ಯಾರು ಎಂದು ಮೊದಲು ಯೋಚಿಸುತ್ತೇನೆ. ಮೆಕ್ಸಿಕೋದ ಕ್ಯಾಥೊಲಿಕ್ ಪಾದ್ರಿ ಫಾದರ್ ಮಿಗೆಲ್ ಪ್ರೋ ಅವರ ಕೊನೆಯ ಚಿತ್ರಗಳ ಮಟ್ಟಿಗೆ ಉತ್ತರ ಗೊತ್ತಿದೆ. ಕರೆದದ್ದು ಸರ್ಕಾರವೇ. 1927ರ ನವೆಂಬರ್ 23ರ ಬೆಳಿಗ್ಗೆ ಮೆಕ್ಸಿಕೋ ನಗರದ ಪೊಲೀಸ್ ಠಾಣೆಯ ಅಂಗಳದಲ್ಲಿ ಒಬ್ಬ ಪಾದ್ರಿಯನ್ನು ಕೊಲ್ಲುವುದನ್ನು ದೇಶವೆಲ್ಲ ನೋಡಲಿ ಎಂದು.

ಚಿತ್ರದಲ್ಲಿ ಅವರು ಶಿಲುಬೆಯ ಆಕಾರದಲ್ಲಿ ಎರಡೂ ಕೈಗಳನ್ನು ಚಾಚಿ ನಿಂತಿದ್ದಾರೆ. ಒಂದು ಕೈಯಲ್ಲಿ ಪುಟ್ಟ ಶಿಲುಬೆ, ಇನ್ನೊಂದರಲ್ಲಿ ಜಪಮಾಲೆ. ಕಣ್ಣಿಗೆ ಪಟ್ಟಿ ಬೇಡವೆಂದಿದ್ದರು. ಹಿಂದೆ ಪೊಲೀಸರು ಗುಂಡು ಹಾರಿಸಲು ಕಲಿಯುತ್ತಿದ್ದ ಮನುಷ್ಯಾಕಾರದ ಗುರಿಗಳು ಸಾಲಾಗಿವೆ. ಮೈಮೇಲೆ ಪಾದ್ರಿಯ ನಿಲುವಂಗಿ ಇಲ್ಲ, ಸಾಮಾನ್ಯ ಕೋಟು. ನಾನು ಬಹಳ ಹೊತ್ತು ನೋಡುವುದು ಆ ಕೋಟನ್ನೇ.

ಏಕೆಂದರೆ ಆಗ ಅಲ್ಲಿ ನಿಲುವಂಗಿ ತೊಟ್ಟು ಬೀದಿಗೆ ಬಂದರೆ 500 ಪೆಸೊ ದಂಡ. 1917ರ ಸಂವಿಧಾನದಲ್ಲೇ ಇದ್ದ ಧರ್ಮವಿರೋಧಿ ವಿಧಿಗಳಿಗೆ ಅಧ್ಯಕ್ಷ ಕಾಯೆಸ್ 1926ರಲ್ಲಿ ಶಿಕ್ಷೆಯ ಹಲ್ಲು ಕೊಟ್ಟರು. ಧರ್ಮಾಧ್ಯಕ್ಷರು (ಬಿಷಪ್‌ಗಳು) ಪ್ರತಿಭಟಿಸಿ ಸಾರ್ವಜನಿಕ ಆರಾಧನೆಯನ್ನೇ ನಿಲ್ಲಿಸಿದರು. ಜುಲೈ ಮುಗಿಯುವಷ್ಟರಲ್ಲಿ ದೇಶದ ಪೂಜಾಪೀಠಗಳೆಲ್ಲ ಬರಿದಾದವು. ಬೆಲ್ಜಿಯಂನಲ್ಲಿ ಗುರುದೀಕ್ಷೆ ಪಡೆದು ವರ್ಷವೂ ತುಂಬದ, ಹೊಟ್ಟೆಯ ಶಸ್ತ್ರಚಿಕಿತ್ಸೆಗಳಿಂದ ಬಸವಳಿದಿದ್ದ ಈ ಯೇಸುಸಭೆಯ (ಜೆಸ್ಯೂಟ್) ಗುರು ತಾಯ್ನಾಡಿಗೆ ಮರಳಿದ್ದು ಅದೇ ಜುಲೈನಲ್ಲಿ. ಅವರು ದೂರದಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದರು.

ಮುಂದಿನ ಹದಿನಾರು ತಿಂಗಳು ಅವರು ದುಡಿದ ಬಗೆಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಸೈಕಲ್ ಏರಿ ಮನೆಯಿಂದ ಮನೆಗೆ ಹೋಗಿ ಗುಟ್ಟಾಗಿ ಬಲಿಪೂಜೆ (ಮಾಸ್) ಅರ್ಪಿಸುತ್ತಿದ್ದರು, ಪಾಪನಿವೇದನೆ ಕೇಳುತ್ತಿದ್ದರು, ಬಡವರಿಗೆ ದವಸ ಹೊಂದಿಸುತ್ತಿದ್ದರು. ದಿನಕ್ಕೆ ಸುಮಾರು 300 ಮಂದಿಗೆ ಪರಮಪ್ರಸಾದ. ಕಾರು ಚಾಲಕರಿಗೂ ಮೆಕ್ಯಾನಿಕ್‌ಗಳಿಗೂ ಉಪದೇಶ ಮಾಡಲು ಹೋದಾಗ ತಾವೂ ಮೆಕ್ಯಾನಿಕ್‌ನ ವೇಷ ತೊಟ್ಟಿದ್ದರು. ಒಮ್ಮೆ ಪೊಲೀಸರು ಬೆನ್ನು ಹತ್ತಿದಾಗ ಎದುರು ಬಂದ ಪರಿಚಿತ ಯುವತಿಗೆ ಕಣ್ಸನ್ನೆ ಮಾಡಿ, ಆಕೆಯ ತೋಳು ಹಿಡಿದು ಪ್ರೇಮಿಗಳಂತೆ ನಡೆದುಹೋದರು ಎನ್ನುತ್ತಾರೆ. ನಗಿಸುವ ಗುಣ ಅವರಿಗೆ ಹುಟ್ಟಿನಿಂದಲೇ ಇತ್ತು. ಗಿಟಾರ್ ನುಡಿಸುತ್ತಿದ್ದರು, ಗಣಿ ಕಾರ್ಮಿಕರ ಮಧ್ಯೆ ಬೆಳೆದ ಹುಡುಗ. ಸಂತರ ಕಥೆ ಬರೆಯುವವರು ಈ ನಗುವನ್ನು ಯಾಕೋ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗದು ನೋವು ತರುತ್ತದೆ. ಹೊಟ್ಟೆನೋವು ಹೊತ್ತು ನಗಿಸುವುದು ಸಣ್ಣ ತಪಸ್ಸಲ್ಲ.

ನವೆಂಬರ್ 13ರಂದು ಮಾಜಿ ಅಧ್ಯಕ್ಷ ಒಬ್ರೆಗಾನ್ ಅವರ ಮೇಲೆ ಬಾಂಬ್ ಎಸೆದರು. ಎಸೆದವರು ಬಳಸಿದ ಕಾರು ಹಿಂದೆ ಪ್ರೋ ಅವರ ತಮ್ಮನದಾಗಿತ್ತು. ಅಷ್ಟು ಸಾಕಾಯಿತು. ಸಂಚಿನ ರೂವಾರಿ ಲೂಯಿಸ್ ಸೆಗುರಾ ವಿಲ್ಚಿಸ್ ತಪ್ಪೊಪ್ಪಿಕೊಂಡ ಮೇಲೂ ಪ್ರೋ ಸಹೋದರರನ್ನು ಬಿಡಲಿಲ್ಲ. ನ್ಯಾಯಾಲಯವಿಲ್ಲ, ವಿಚಾರಣೆಯಿಲ್ಲ. 23ರ ಬೆಳಿಗ್ಗೆ ಅವರ ತಮ್ಮ ಉಂಬೆರ್ತೊ ಕೂಡ ಅದೇ ಅಂಗಳದಲ್ಲಿ ಗುಂಡಿಗೆ ಬಲಿಯಾದರು. ಇನ್ನೊಬ್ಬ ತಮ್ಮ ರೊಬೆರ್ತೊ ಅರ್ಜೆಂಟೀನಾದ ರಾಯಭಾರಿಯ ಮಧ್ಯಪ್ರವೇಶದಿಂದ ಉಳಿದರು.

ಕೊನೆಯಾಸೆ ಏನೆಂದು ಕೇಳಿದಾಗ ಫಾದರ್ ಪ್ರೋ, ಪ್ರಾರ್ಥಿಸಲು ಬಿಡಿ ಎಂದು ಮೊಣಕಾಲೂರಿದರು. ಆ ಚಿತ್ರವೂ ಇದೆ. ಆಮೇಲೆ ಎದ್ದು ನಿಂತು, ಕೈಚಾಚಿ, "ವಿವಾ ಕ್ರಿಸ್ತೊ ರೇ" ಎಂದರು. ಕ್ರಿಸ್ತರಾಜರಿಗೆ ಜಯವಾಗಲಿ. ಮರುದಿನ ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ಜನ ಪೂಜ್ಯವಸ್ತುವಿನಂತೆ ಎತ್ತಿಟ್ಟುಕೊಂಡರು. ಶವಯಾತ್ರೆಗೆ ಸಾವಿರಾರು ಮಂದಿ ಬೀದಿಗಿಳಿದರು. 1988ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ಫಾದರ್ ಪ್ರೋ ಅವರನ್ನು ಧನ್ಯರೆಂದು, ಅಂದರೆ ಸಂತಪದವಿಯ ಹಿಂದಿನ ಮೆಟ್ಟಿಲಿಗೆ ಏರಿಸಿ, ಘೋಷಿಸಿದರು.

ಆದರೆ ಅಂದು ಅಷ್ಟು ಕ್ಯಾಮೆರಾಗಳಿದ್ದೂ ನಾನು ಕಾಣಬೇಕೆಂದಿರುವ ಒಂದು ಗಳಿಗೆ ಸಿಕ್ಕಿಲ್ಲ. ಸೆರೆಕೋಣೆಯಿಂದ ಅಂಗಳಕ್ಕೆ ನಡೆಸಿಕೊಂಡು ಬರುವಾಗ, ಅವರನ್ನು ಹಿಡಿದಿದ್ದ ಪೊಲೀಸರಲ್ಲೊಬ್ಬ ತನ್ನನ್ನು ಕ್ಷಮಿಸಬೇಕೆಂದು ಬೇಡಿಕೊಂಡನಂತೆ. ಕ್ಷಮಿಸುವುದಷ್ಟೇ ಅಲ್ಲ, ನಿಮಗೆ ಕೃತಜ್ಞನಾಗಿದ್ದೇನೆ ಎಂದರಂತೆ ಫಾದರ್. ಆ ಪೊಲೀಸನ ಮುಖವನ್ನು ನಾನು ಮತ್ತೆ ಮತ್ತೆ ಊಹಿಸಿಕೊಳ್ಳುತ್ತೇನೆ.