ಬಾಣದ ಹಿಂದೆ ಹಗ್ಗ

17 ಆಗಸ್ಟ್ 2025, ಭಾನುವಾರ, ರಾತ್ರಿ 11.20
ಕಿಸಿಮ್ಮಿ, ಫ್ಲೋರಿಡಾ

ಎಡಗೈ ಒಳಭಾಗ ನೀಲಿಗಟ್ಟಿದೆ. ಬಿಲ್ಲಿನ ಹೆದೆ ಹೊಡೆದದ್ದು. ತೋಳಿಗೆ ಪಟ್ಟಿ ಯಾಕೆ, ಒಂದೇ ಒಂದು ಬಾಣ ಬಿಟ್ಟು ನೋಡ್ತೀನಿ ಅಂದುಕೊಂಡೆ. ಹನ್ನೆರಡು ಬಿಟ್ಟೆ. ಇವರು ಊಟಕ್ಕೆ ಕೂತಾಗ ನೋಡಿ "ಏನಾಯ್ತು ಕೈಗೆ?" ಅಂದರು. "ಮೊಸಳೆ" ಅಂದೆ. ನಗಲಿಲ್ಲ ಪುಣ್ಯಾತ್ಮ.

ಬೆಂಡೆಕಾಯಿ ಕೊಟ್ಟು ಬರೋಣ ಅಂತ ಹೋದವಳು ನಾನು. ಈ ಬಿಸಿಲಿಗೆ ಹಿತ್ತಲಲ್ಲಿ ಎಲ್ಲ ಸುಟ್ಟುಹೋಗಿದೆ, ಬೆಂಡೆ ಮಾತ್ರ ಹುಚ್ಚು ಹಿಡಿದ ಹಾಗೆ ಬಿಡುತ್ತಿದೆ. ಪಕ್ಕದ ಮನೆ ತಾತನ ಗ್ಯಾರೇಜ್ ಬಾಗಿಲು ತೆರೆದಿತ್ತು. ಕಾರು ಹೊರಗೆ. ಒಳಗೆ ನೆಲಕ್ಕೆ ಟಾರ್ಪಾಲು ಹಾಸಿ, ಸಾಮಾನೆಲ್ಲ ಹರಡಿಕೊಂಡು, ನಡುವೆ ಸ್ಟೂಲ್ ಹಾಕಿ ಕೂತಿದ್ದರು. ಆಯುಧ ಪೂಜೆಯನ್ನು ಒಂದೂವರೆ ತಿಂಗಳು ಮೊದಲೇ ಶುರು ಮಾಡಿದ ಹಾಗೆ.

"ಶುಕ್ರವಾರದಿಂದ ನನ್ನ ವಾರ" ಅಂದರು.

ಇಲ್ಲಿ ಪ್ರತಿ ವರ್ಷ ಆಗಸ್ಟ್ 15ರಿಂದ ನವೆಂಬರ್ 1ರವರೆಗೆ ಅಲಿಗೇಟರ್ (ಇಲ್ಲಿನ ಮೊಸಳೆ ಜಾತಿ) ಹಿಡಿಯಲು ಪರ್ಮಿಟ್ ಕೊಡುತ್ತಾರೆ. 1988ರಲ್ಲಿ ಶುರುವಾದದ್ದು. ಬೇಸಿಗೆಯಲ್ಲಿ ಅರ್ಜಿ, ಆಮೇಲೆ ಲಾಟರಿ. ಅದೃಷ್ಟ ಇದ್ದವರಿಗೆ ಒಂದು ಕೆರೆ, ಒಂದು ವಾರ, ಹಿಡಿದದ್ದಕ್ಕೆ ಹಾಕಲು ಎರಡು ಟ್ಯಾಗು. ತಾತನಿಗೆ ಈ ಸಲ ನಮ್ಮ ಟೊಹೊ ಕೆರೆಯೇ ಸಿಕ್ಕಿದೆ, 22ರಿಂದ. 27ಕ್ಕೆ ಗಣೇಶನ ಹಬ್ಬ ಅನ್ನೋದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಸಮಸ್ಯೆ ತಾತನ ಬಲ ಭುಜ. ಏಪ್ರಿಲ್‌ನಲ್ಲಿ ಆಪರೇಷನ್ ಆಯಿತಲ್ಲ, ಇನ್ನೂ ಕಾಫಿ ಕಪ್ಪನ್ನೂ ಎಡಗೈಯಲ್ಲೇ ಎತ್ತುತ್ತಾರೆ. ಪ್ರತಿ ವರ್ಷ ಜೊತೆಗೆ ಹೋಗುತ್ತಿದ್ದ ಮೊಮ್ಮಗನಿಗೆ ಕಾಲೇಜು ಶುರುವಾಗಿದೆ. ನಾನು ಒಂದೂವರೆ ವರ್ಷದಿಂದ ಶನಿವಾರ ಶನಿವಾರ ಬಿಲ್ಲು ಹಿಡಿದು ಹೋಗೋದನ್ನು ಅವರು ಬೇಲಿಯ ಆಚೆಯಿಂದ ನೋಡುತ್ತಲೇ ಇದ್ದರು. ಬೆಂಡೆಕಾಯಿ ಚೀಲ ಕೆಳಗಿಟ್ಟರು. ಬಿಲ್ಲು ಎತ್ತಿ ನನ್ನ ಕೈಗೆ ಕೊಟ್ಟರು. ಕೇಳಲೇ ಇಲ್ಲ, ನೋಡಿ. ಸುಮ್ನೆ ಕೊಟ್ಟರು.

ನನ್ನದು 28 ಪೌಂಡಿನ ಬಿಲ್ಲು, ಅಂದರೆ ಹೆದೆ ಎಳೆಯಲು ಅಷ್ಟು ಬಲ ಬೇಕು. ಇದು 45. ನೋಡೋಕೂ ಏನೂ ಚೆಂದ ಇಲ್ಲ. ಗುರಿ ನೋಡುವ ಪಿನ್ ಇಲ್ಲ, ಅಲುಗಾಟ ತಡೆಯುವ ಉದ್ದನೆ ಕಡ್ಡಿ ಇಲ್ಲ. ಮುಂದುಗಡೆ ಒಂದು ಪ್ಲಾಸ್ಟಿಕ್ ಬಾಟಲಿ, ಅದರೊಳಗೆ ಸುರುಳಿ ಬಿದ್ದ ದಪ್ಪ ದಾರ. ಪಕ್ಕದಲ್ಲೊಂದು ಕಿತ್ತಳೆ ಬಣ್ಣದ ತೇಲುವ ಬುಂಡೆ. ಅದನ್ನು ನೋಡಿದ್ದೇ ನನಗೆ ನಮ್ಮೂರಿನ ಸೋರೆ ಬುರುಡೆ ನೆನಪಾಯಿತು. ಈಜು ಕಲಿಯುವಾಗ ಬೆನ್ನಿಗೆ ಕಟ್ಟುತ್ತಿದ್ದರಲ್ಲ, ಅದು.

"ಇಷ್ಟೆಲ್ಲ ಹೊತ್ತುಕೊಂಡು ಬಾಣ ಎಷ್ಟು ದೂರ ಹೋಗುತ್ತೆ?" ಅಂತ ಕೇಳಿದೆ.

"ಹತ್ತು ಗಜ. ಹದಿನೈದು ಅಂದರೆ ನಾನು ಬಿಡಲ್ಲ."

ನನಗೆ ನಗು ಬಂತು. ನಾವು ಬಿಲ್ಲು ಅಭ್ಯಾಸದ ರೇಂಜಿನಲ್ಲಿ ಮಕ್ಕಳಿಗೆ ಹತ್ತು ಗಜ ಇಡುತ್ತೇವೆ.

ತಾತ ನಗಲಿಲ್ಲ. ಬಾಣ ಎತ್ತಿಕೊಂಡರು. ಗಟ್ಟಿ ಫೈಬರ್‌ಗ್ಲಾಸ್, ಹಿಂದೆ ಗರಿಯೇ ಇಲ್ಲ, ನಮ್ಮ ಬಾಣಕ್ಕಿಂತ ಎಷ್ಟೋ ಭಾರ. ತುದಿಯಲ್ಲಿ ಉಕ್ಕಿನ ಮೊನೆ, ಮೊನೆಗೆ ಮುಳ್ಳು, ಮುಳ್ಳಿನ ಹಿಂದೆ ಸಣ್ಣ ಉಕ್ಕಿನ ತಂತಿ. ಬಾಣ ನಾಟಿದ ಮೇಲೆ ಕಡ್ಡಿ ಮೊನೆಯಿಂದ ಕಳಚಿಕೊಳ್ಳುತ್ತದೆ. ಮೊನೆ ಮಾತ್ರ ಚರ್ಮದ ಕೆಳಗೆ ಅಡ್ಡ ತಿರುಗಿ ಕೂರುತ್ತದೆ. ಅಂಗಿಯ ತೂತಿನಲ್ಲಿ ಗುಂಡಿ ಕೂತ ಹಾಗೆ. ಮೊನೆಗೆ ತಂತಿ, ತಂತಿಗೆ ದಾರ, ದಾರಕ್ಕೆ ಬುಂಡೆ. ಮೀನು ಹೊಡೆಯುವವರ ದಾರ 200 ಪೌಂಡು ತಡೆಯುತ್ತದಂತೆ. ಇದು 600.

ಆಗ ಹೇಳಿದರು. "ಇದು ಕೊಲ್ಲೋಕೆ ಇರೋ ಬಾಣ ಅಲ್ಲ. ಕಟ್ಟೋಕೆ."

ಬೆಳಗ್ಗಿನಿಂದ ತಲೆಯಲ್ಲಿ ಓಡುತ್ತಿರುವುದು ಈ ಒಂದು ಮಾತು. ನಾನು ಕಲಿತ ಬಿಲ್ಲುವಿದ್ಯೆಯಲ್ಲಿ ಬಾಣ ಕೈಬಿಟ್ಟರೆ ಕೆಲಸ ಮುಗಿಯಿತು. ಉಸಿರು ಬಿಟ್ಟು, ಬಿಲ್ಲು ಇಳಿಸಿ, ಎಷ್ಟು ಅಂಕ ಅಂತ ನೋಡುವುದು. ಇಲ್ಲಿ ಬಾಣ ಬಿಟ್ಟಾಗ ಕೆಲಸ ಶುರು. ನಿಯಮವೇ ಹಾಗಿದೆಯಂತೆ. ಬಂದೂಕಿನಿಂದ ದೂರದಿಂದ ಹೊಡೆಯುವ ಹಾಗಿಲ್ಲ. ಬಿಲ್ಲಾಗಲಿ, ಹಾರ್ಪೂನ್ ಅನ್ನುವ ಹಗ್ಗ ಕಟ್ಟಿದ ಈಟಿಯಾಗಲಿ, ಗಾಳ ಆಗಲಿ, ಹಗ್ಗದ ಒಂದು ತುದಿ ಪ್ರಾಣಿಯಲ್ಲಿರಬೇಕು, ಇನ್ನೊಂದು ತುದಿ ನಿಮ್ಮ ಕಡೆ. ಯಾಕೆ ಅಂದೆ. ಗುಂಡು ತಗುಲಿದ ಅಲಿಗೇಟರ್ ಮುಳುಗಿ ಎಲ್ಲೋ ತಳ ಸೇರಿ ಸಾಯುತ್ತದೆ, ಯಾರಿಗೂ ಸಿಗುವುದಿಲ್ಲ, ಅದಕ್ಕೆ ಅಂದರು. ನ್ಯಾಯವಾಗಿಯೇ ಇದೆ ಅನಿಸಿತು.

ಆದರೂ ಬಿಲ್ಲೇ ಯಾಕೆ? ಗೋಡೆಗೆ ದಪ್ಪನೆಯ ಮೀನುಕೋಲು ಒರಗಿಸಿಟ್ಟಿದ್ದರು, ಅದರ ತುದಿಯಲ್ಲಿ ನನ್ನ ಅಂಗೈಯಷ್ಟು ದೊಡ್ಡ ಮೂರು ಕೊಂಡಿಯ ಗಾಳ. ಅದನ್ನು ಅಲಿಗೇಟರ್ ಮೈಮೇಲಿಂದ ಆಚೆಗೆ ಎಸೆದು, ಎಳೆದು ಸಿಕ್ಕಿಸುವುದು. ಮೂವತ್ತು ಗಜ ದೂರದಿಂದಲೂ ಆಗುತ್ತದೆ. ಅದೇ ಸುಲಭ ಅಂತ ಅವರೇ ಒಪ್ಪಿಕೊಂಡರು. ಕ್ರಾಸ್‌ಬೋ (ಬಂದೂಕಿನ ಹಾಗೆ ಹಿಡಿದು ಬಿಡುವ ಬಿಲ್ಲು) ಇದ್ದರೆ ಭುಜದ ಗೋಳೇ ಇಲ್ಲವಲ್ಲ, ಒಂದು ಹಿಡಿಕೆ ತಿರುಗಿಸಿ ಹೆದೆ ಏರಿಸಬಹುದು ಅಂದೆ. ಮುಖ ಹುಳ್ಳಗೆ ಮಾಡಿಕೊಂಡರು. ಕತ್ತಲಲ್ಲಿ ಅಲುಗಾಡುವ ದೋಣಿಯಲ್ಲಿ ಹೆದೆ ಏರಿಸಿಟ್ಟ ಕ್ರಾಸ್‌ಬೋ ಇದ್ದರೆ ಅವರು ನಿದ್ದೆಗೆಟ್ಟ ಹಾವಿನ ಜೊತೆ ಕೂತ ಹಾಗಂತೆ. ನಿಜ ಕಾರಣ ಅದಲ್ಲ ಬಿಡಿ. ನಲವತ್ತು ವರ್ಷ ಬಿಲ್ಲು ಹಿಡಿದವರಿಗೆ ಕ್ರಾಸ್‌ಬೋ ಅಂದರೆ ಬಂದೂಕಿನ ನೆಂಟ. ಹಟಮಾರಿ ಮುದುಕ.

ಬಿಲ್ಲಿನಲ್ಲೂ ಅವರಿಗೆ ಆಯ್ಕೆ ಇದೆ. ಜಿಂಕೆಗೆ ಬಳಸುವ, ತುದಿಗಳಲ್ಲಿ ಗಾಲಿ ಇರುವ ಕಾಂಪೌಂಡ್ ಬಿಲ್ಲನ್ನು ಪೂರ್ತಿ ಎಳೆದರೆ ಮಾತ್ರ ಭಾರ ಇಳಿಯುತ್ತದೆ, ಪೂರ್ತಿ ಎಳೆದೇ ಬಿಡಬೇಕು. ಅಲಿಗೇಟರ್ ಅಷ್ಟು ಹೊತ್ತು ಕೊಡುವುದಿಲ್ಲ. ಕಣ್ಣು ಕಂಡಿತು, ಅರ್ಧ ಎಳೆದೆ, ಬಿಟ್ಟೆ, ಅಷ್ಟೇ. ಅದಕ್ಕೆ ಈ ಬೋಳು ಬಿಲ್ಲು. ಗುರಿ ಕಣ್ಣಿಂದಲ್ಲ, ಅಭ್ಯಾಸದಿಂದ ಅಂದರು. ನನ್ನ ಕೋಚ್ ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು.

ದಾರ ಕಟ್ಟುವುದನ್ನು ಮೂರು ಸಲ ತೋರಿಸಿದರು. ಇದನ್ನು ಮರೆಯದೆ ಬರೆದಿಡಬೇಕು. ದಾರವನ್ನು ಬಾಣದ ಹಿಂಬದಿಗೆ ಸೀದಾ ಗಂಟು ಹಾಕಬಾರದು. ಬಾಣದ ಮೇಲೆ ಜಾರುವ ಒಂದು ಪುಟ್ಟ ಪ್ಲಾಸ್ಟಿಕ್ ತುಂಡು ಇದೆ, ಸ್ಲೈಡ್. ದಾರ ಅದಕ್ಕೆ. ಹೆದೆ ಎಳೆದಾಗಲೂ ಸ್ಲೈಡ್ ಬಿಲ್ಲಿನ ಮುಂದೆಯೇ ಉಳಿಯುತ್ತದೆ, ದಾರ ಹೆದೆಯ ಹತ್ತಿರ ಸುಳಿಯುವುದೇ ಇಲ್ಲ. ಹಿಂದೆ ಕಟ್ಟಿ, ಅದು ಹೆದೆಗೆ ಸಿಕ್ಕಿಕೊಂಡರೆ ಬಾಣ ಅರ್ಧ ದಾರಿಯಿಂದ ರಬ್ಬರ್ ಬ್ಯಾಂಡಿನ ಹಾಗೆ ವಾಪಸ್. ಬಿಟ್ಟವರ ಮುಖಕ್ಕೇ. ಅದರಿಂದ ಸತ್ತವರಿದ್ದಾರೆ. ಹಾಗೇ, ಕಾಲ ಬುಡದಲ್ಲಿ ಹಗ್ಗದ ಸುರುಳಿ ಬಿಟ್ಟುಕೊಂಡು ನಿಲ್ಲಬಾರದು. ಅಲಿಗೇಟರಿಗಿಂತ ಹಗ್ಗಕ್ಕೆ ಜಾಸ್ತಿ ಹೆದರು ಅಂದರು.

ಆಮೇಲೆ ಹಿತ್ತಲಿನಲ್ಲಿ ಹನ್ನೆರಡು ಬಾಣ, ಹಳೇ ಮರಳು ಚೀಲಕ್ಕೆ. ಎಂಟು ಬಿತ್ತು. ತಾತ ಮರಳಿನ ಮೇಲೆ ಕಡ್ಡಿಯಿಂದ ಅಲಿಗೇಟರ್ ಬರೆದು ತೋರಿಸಿದರು. ಬೆನ್ನಿಗೆ ಬೇಡ, ಚರ್ಮದೊಳಗೇ ಮೂಳೆಯ ಬಿಲ್ಲೆಗಳಿವೆ, ಬಾಣ ಜಾರುತ್ತದೆ. ತಲೆಗೆ ಬೇಡವೇ ಬೇಡ. ತಲೆಬುರುಡೆಯ ಹಿಂದೆ ಕತ್ತಿನ ಪಕ್ಕ, ಇಲ್ಲವೇ ಮುಂಗಾಲಿನ ಹಿಂದೆ ಹೊಟ್ಟೆಯ ಕಡೆ. ನೀರೊಳಗಿದ್ದರೆ ಕಂಡದ್ದಕ್ಕಿಂತ ಕೆಳಗೆ ಗುರಿ ಇಡು, ನೀರು ಸುಳ್ಳು ಹೇಳುತ್ತೆ. ರಾತ್ರಿ ತಲೆದೀಪ ಬಿಟ್ಟರೆ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಕಣ್ಣಿನಿಂದ ಮೂಗಿನ ತುದಿಗೆ ಎಷ್ಟು ಇಂಚೋ, ಮೈ ಹೆಚ್ಚುಕಡಿಮೆ ಅಷ್ಟು ಅಡಿ. ಒಂಬತ್ತು ಇಂಚಿಗಿಂತ ಜಾಸ್ತಿ ಕಂಡರೆ ದೀಪ ಆರಿಸಿ ಮನೆಗೆ ಹೋಗೋಣ ಅಂದರು. ಅದು ತಮಾಷೆ ಅಂದುಕೊಂಡಿದ್ದೇನೆ.

ಬಾಣ ನಾಟಿದ ಮೇಲೆ? ಅದು ಮುಳುಗುತ್ತದೆ. ಒಂದು ಗಂಟೆ ಬೇಕಾದರೂ ಉಸಿರು ಕಟ್ಟಿಕೊಂಡು ತಳದಲ್ಲಿ ಮಲಗುತ್ತದೆ. ನೀವು ಬುಂಡೆಯ ಹಿಂದೆ ನಿಧಾನವಾಗಿ ಹೋಗುವುದು, ಗುಳ್ಳೆ ನೋಡುವುದು. ಒಂದು ಬಾಣವನ್ನು ನಂಬಿ ಮೇಲೆ ಎಳೆಯಬಾರದು. ಇನ್ನೊಂದು ಹಗ್ಗ, ಹಾರ್ಪೂನಿನದ್ದು, ಬೀಳಬೇಕು. ಎರಡು ಹಗ್ಗ ಬಿದ್ದ ಮೇಲೆ ದೋಣಿಯ ಪಕ್ಕಕ್ಕೆ.

ಆಮೇಲೆ?

ಕಪಾಟಿನಿಂದ ಉದ್ದನೆಯ ಕೋಲೊಂದು ತೆಗೆದರು. ಬ್ಯಾಂಗ್ ಸ್ಟಿಕ್. ತುದಿಯಲ್ಲಿ ಒಂದೇ ಒಂದು ತೋಟಾ ಕೂರುವ ಜಾಗ. ತಲೆ ಮತ್ತು ಕತ್ತು ಸೇರುವ ಕಡೆ ಒತ್ತಿದರೆ ಸಿಡಿಯುತ್ತದೆ. ಅಷ್ಟಾದ ಮೇಲೂ ಚಾಕುವಿನಿಂದ ಬೆನ್ನುಹುರಿ ಕತ್ತರಿಸಿ, ಬಾಯಿಗೆ ಕರಿ ಟೇಪು ಸುತ್ತಿಯೇ ದೋಣಿಗೆ ಹಾಕಿಕೊಳ್ಳುವುದು. ಸತ್ತಿದೆ ಅಂದುಕೊಂಡದ್ದು ಎದ್ದ ಕತೆಗಳು ಅವರ ಹತ್ತಿರವೇ ಎರಡಿವೆ. ಬಾಲದ ತುದಿಯಿಂದ ಆರು ಇಂಚಿನೊಳಗೆ ಟ್ಯಾಗು. ಇದನ್ನೆಲ್ಲ ಅವರು ಬೆಂಡೆಕಾಯಿ ಲಟಕ್ ಲಟಕ್ ಅಂತ ತುದಿ ಮುರಿದು ನೋಡುತ್ತಾ ಹೇಳಿದರು. ಎಳೆಯದು, ಚೆನ್ನಾಗಿದೆ ಅಂದರು. ಬೆಂಡೆಕಾಯಿ ಬಗ್ಗೆ.

ಸಂಜೆ ಊರಿಂದ ಅಮ್ಮನ ಫೋನು. ಅಲ್ಲಿ ಸೋಮವಾರ ಬೆಳಿಗ್ಗೆ. ನಾನು ಸುಮ್ಮನಿರಬಹುದಿತ್ತು.

"ಹಬ್ಬದ ವಾರ ಮೊಸಳೆ ಹೊಡೆಯೋಕೆ ಹೋಗ್ತೀಯೇನೇ? ತಲೆ ನೆಟ್ಟಗಿದೆಯಾ?"

"ಹೋಗ್ತೀನಿ ಅಂದಿಲ್ಲಮ್ಮ. ಕೇಳಿದ್ದಾರೆ ಅಷ್ಟೇ."

"ಗಜೇಂದ್ರನ ಕಾಲು ಹಿಡಿದಿದ್ದ ಮಕರಿನೂ ಗಂಧರ್ವ ಕಣೆ. ಶಾಪ ಇತ್ತು ಅಷ್ಟೇ. ಚಕ್ರ ತಗುಲಿದ ಮೇಲೆ ಮೋಕ್ಷ ಸಿಕ್ತು."

ತಾತನ ಬ್ಯಾಂಗ್ ಸ್ಟಿಕ್‌ನಿಂದ ಮೋಕ್ಷ ಸಿಗುತ್ತೋ ಇಲ್ಲವೋ ಅಂತ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಮ್ಮ ಕೋಳಿ ಸಾರಿಗೆ ಈರುಳ್ಳಿ ಹೆಚ್ಚುತ್ತಲೇ ಇದನ್ನೆಲ್ಲ ಹೇಳಿದ್ದು ಅನ್ನೋದನ್ನೂ ನಾನು ಎತ್ತಲಿಲ್ಲ. ಶ್ರಾವಣ ಸೋಮವಾರ ಬೇರೆ! ಚಿಕ್ಕಪ್ಪನ ಮಕ್ಕಳು ಬಂದಿದ್ದಾರಂತೆ, ಅವರು ಕೇಳಲ್ವಂತೆ.

ನಾವು ಹುಟ್ಟಿದ್ದೇ ಮೊಸಳೆಯ ನೆರೆಯಲ್ಲಿ. ಶ್ರೀರಂಗಪಟ್ಟಣದ ಕಡೆ ಹೊಳೆ ಅಂದರೆ ಮೊಸಳೆ ಇದ್ದೇ ಇರುತ್ತದೆ. ರಂಗನತಿಟ್ಟಿನಲ್ಲಿ ದೋಣಿ ಹತ್ತಿದರೆ ಬಂಡೆಯ ಮೇಲೆ ಬಾಯಿ ತೆರೆದು ಬಿದ್ದಿರುತ್ತಿದ್ದವು, ದೋಣಿಯವನು "ಕೈ ಒಳಗೆ, ಕೈ ಒಳಗೆ" ಅನ್ನುತ್ತಿದ್ದ. ಹೊತ್ತು ಮುಳುಗಿದ ಮೇಲೆ ಹೊಳೆಗೆ ಇಳಿಯಬೇಡಿ ಅಂತ ಅಜ್ಜಿ ಬೈಯುತ್ತಿದ್ದಳು. ಅಲ್ಲಿ ಅದನ್ನು ಮುಟ್ಟಿದರೆ ಜೈಲು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇದೆ. ಇಲ್ಲಿಯೂ ಅಲಿಗೇಟರನ್ನು 1967ರಲ್ಲಿ ಅಳಿವಿನ ಪಟ್ಟಿಗೆ ಸೇರಿಸಿದ್ದರು. ಇಪ್ಪತ್ತು ವರ್ಷದಲ್ಲಿ ಚೇತರಿಸಿಕೊಂಡಿತು, 1987ರಲ್ಲಿ ತೆಗೆದರು. ಈಗ ಈ ಒಂದೇ ರಾಜ್ಯದಲ್ಲಿ ಅಂದಾಜು 13 ಲಕ್ಷ. ಹಾಗಾಗಿ ಎರಡು ಹೋದರೆ ಏನೂ ಆಗುವುದಿಲ್ಲ ಅನ್ನುವ ಲೆಕ್ಕ ನನಗೆ ಅರ್ಥವಾಗುತ್ತದೆ. ಕೋಳಿ ತಿನ್ನುವವಳು ನಾನು, ಅಲಿಗೇಟರ್ ಬಾಲದ ಫ್ರೈ ಕೂಡ ಒಮ್ಮೆ ತಿಂದಿದ್ದೇನೆ, ಮಗಳ ಹುಟ್ಟುಹಬ್ಬಕ್ಕೆ ಹೋದಾಗ. ಲೆಕ್ಕದಲ್ಲಿ ನನಗೆ ತಕರಾರಿಲ್ಲ.

ತಕರಾರು ಎಲ್ಲಿ ಅಂತ ಹುಡುಕುತ್ತಾ ಕೂತಿದ್ದೇನೆ. ಗ್ಯಾರೇಜಿನಲ್ಲಿ ಎರಡು ಗಂಟೆ ಕಳೆದೆ. ಮೊನೆ, ದಾರ, ಪೌಂಡು, ಗಂಟು, ಎಲ್ಲ ಕೇಳಿದೆ. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಸಾಮಾನಿನ ಮಾತೇ ಹಾಗೆ, ಯಾವ ಕೆಲಸಕ್ಕೆ ಅನ್ನೋದು ಮರೆತೇ ಹೋಗುತ್ತದೆ. ಬಾಣ ಬಿಡೋದು ನನಗೆ ಆಗುತ್ತದೆ. ಬಿಲ್ಲನ್ನು 40ಕ್ಕೆ ಇಳಿಸಿ ಕೊಡ್ತೀನಿ ಅಂದಿದ್ದಾರೆ, ನಾಲ್ಕು ದಿನದಲ್ಲಿ ಕೈ ಕೂರುತ್ತದೆ. ಆದರೆ ಆ ಹಗ್ಗ. ಅದರ ಆ ತುದಿಯಲ್ಲಿ ಒಂದು ಗಂಟೆ ಸದ್ದಿಲ್ಲದೆ ಮಲಗಿರುವ ಒಂದು ಜೀವ, ಈ ತುದಿಯಲ್ಲಿ ನಾನು. ಅಷ್ಟು ಹೊತ್ತು ಕೈಗೆ ಅದರ ಅಲುಗಾಟ ಬರುತ್ತಿರುತ್ತದಲ್ಲ. ಇದಕ್ಕೆ ರೇಂಜಿನಲ್ಲಿ ಅಭ್ಯಾಸ ಇಲ್ಲ.

ತಾತ ಇದನ್ನೇ ಇಷ್ಟಪಡುತ್ತಾರಾ? ಕೇಳಬೇಕಿತ್ತು.

ಹಬ್ಬಕ್ಕೆ ಇನ್ನೂ ಏನೂ ತಂದಿಲ್ಲ. ಗರಿಕೆ ನಮ್ಮ ಲಾನಿನಲ್ಲೇ ಸಿಗುತ್ತದೆ ಅಂತ ಮಗಳು ಪ್ರತಿ ವರ್ಷ ತಪ್ಪು ಹುಲ್ಲು ಕಿತ್ತು ತರುತ್ತಾಳೆ. ಕಡುಬಿಗೆ ಒಣ ಕೊಬ್ಬರಿ ಆಗಬೇಕು. ಮಣ್ಣಿನ ಗಣಪನಿಗೆ ಆರ್ಡರ್ ಕೊಟ್ಟಿದ್ದೀರಾ ಅಂದರೆ ಇವರು ಸುಮ್ಮನೆ ತಲೆ ಆಡಿಸಿದರು. ಹೌದಾ ಇಲ್ಲವಾ ಗೊತ್ತಾಗಲಿಲ್ಲ.

ದೋಣಿಯಲ್ಲಿ ಕೂತು ನೋಡೋಕೆ ಲೈಸೆನ್ಸ್ ಬೇಡ. ಬಾಣ ಬಿಡಬೇಕಾದರೆ ಬೇಕು. ಅರ್ಜಿಯ ಪುಟ ತೆರೆದಿಟ್ಟಿದ್ದೇನೆ, ಹುಟ್ಟಿದ ದಿನಾಂಕದವರೆಗೂ ತುಂಬಿದ್ದೇನೆ. ಶುಕ್ರವಾರ ಆಫೀಸಿಗೆ ರಜೆ ಹಾಕಬೇಕಾಗುತ್ತದೆ. ಕಾರಣ ಅನ್ನೋ ಜಾಗದಲ್ಲಿ ಏನು ಬರೆಯೋದು, ಆಮೇಲೆ ಅಮ್ಮನಿಗೆ