ಚಿನ್ನಿಯ ಎಕ್ಸ್‌ರೇ

ಇವತ್ತು ನಮ್ಮ ಚಿನ್ನಿಗೆ ಸೊಂಟದ ಎಕ್ಸ್‌ರೇ ಮಾಡಿಸಿದೆ. ಲ್ಯಾಬ್ರಡಾರ್, ಎರಡು ವರ್ಷ ತುಂಬಿದೆ. "ಚೆನ್ನಾಗಿ ಓಡ್ತದಲ್ಲೋ, ಸುಮ್ನೆ ದುಡ್ಡು ದಂಡ. ಮರಿ ಹಾಕಿಸು, ಒಂದು ನನಗಿರಲಿ" ಅಂತ ಕೌಲ್ ಬಜಾರಿನ ಮಾವ ತಿಂಗಳಿಂದ ಹೇಳ್ತಾ ಇದ್ದರು. ಓಡುತ್ತಾಳೆ, ನಿಜ. ಬೆಳಗ್ಗೆ ಬಳ್ಳಾರಿ ಕೋಟೆ ಕಡೆ ಹೊರಟರೆ ನನ್ನನ್ನೇ ಎಳೆದುಕೊಂಡು ಹೋಗುತ್ತಾಳೆ.

ಆದರೆ ಹಿಪ್ ಡಿಸ್‌ಪ್ಲೇಸಿಯಾ ಎಷ್ಟೋ ನಾಯಿಗಳಲ್ಲಿ ಹೊರಗೆ ಕಾಣೋದೇ ಇಲ್ಲ. ತೊಡೆ ಮೂಳೆಯ ಗುಂಡು ತುದಿ ಸೊಂಟದ ಬಟ್ಟಲಲ್ಲಿ ಬಿಗಿಯಾಗಿ ಕೂರಬೇಕು. ಸಡಿಲ ಇದ್ದರೆ ಸವೆದು ಸವೆದು, ವಯಸ್ಸಾದ ಮೇಲೆ ಏಳೋದೇ ಕಷ್ಟ. ಅದು ಮರಿಗಳಿಗೂ ಇಳಿಯಬಹುದು. ನಾಯಿಗಳ ಸೊಂಟದ ಎಕ್ಸ್‌ರೇ ನೋಡಿ ಗ್ರೇಡ್ ಕೊಡುವ ಅಮೆರಿಕದ ಸಂಸ್ಥೆ ಓಎಫ್‌ಎ, 24 ತಿಂಗಳು ತುಂಬದೆ ಸೊಂಟಕ್ಕೆ ಕೊನೆಯ ಗ್ರೇಡ್ ಕೊಡೋದಿಲ್ಲ. ಅದನ್ನು ಓದಿ ನಾನೂ ಕಾದಿದ್ದೆ.

ಮತ್ತಿನ ಇಂಜೆಕ್ಷನ್ ಕೊಟ್ಟು ಅಂಗಾತ ಮಲಗಿಸಿದರು. ನಾಲಿಗೆ ಪಕ್ಕಕ್ಕೆ ಜೋತಿತ್ತು. ಹಿಂಗಾಲು ಎರಡನ್ನೂ ನೇರಕ್ಕೆ ಎಳೆದು ಹಿಡಿದಾಗ ನೋಡಿದೆ, ಬೆರಳ ಸಂದಿಯಲ್ಲಿ ನಮ್ಮೂರ ಕೆಂಪು ಧೂಳು ಹಾಗೇ ಇತ್ತು. ಯಾಕೋ ಹೊಟ್ಟೆ ಚುರ್ ಅಂತು.

ಎಡಗಡೆ ಬಟ್ಟಲು ಆಳ ಸಾಲದು. ಡಾಕ್ಟರ್ ಬೆರಳಿಟ್ಟು ತೋರಿಸಿದರು. ಮರಿ ಬೇಡ, ತೂಕ ಜಾಸ್ತಿ ಆಗದಂಗೆ ನೋಡಿಕೊಳ್ಳಿ ಅಂದರು.

ಚಿನ್ನಿಯನ್ನು ಮರಿಯಾಗಿ ತಂದಾಗ ಕೆಸಿಐ, ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾದ ಪೇಪರ್ ನೋಡಿ ಹಿಗ್ಗಿದ್ದೆ. ಅದರಲ್ಲಿರೋದು ವಂಶಾವಳಿ, ಸೊಂಟ ಅಲ್ಲ. ಇವಳ ತಾಯಿಯ ಎಕ್ಸ್‌ರೇ ಕೇಳಬೇಕು ಅಂತ ನನಗೂ ಹೊಳೆದಿರಲಿಲ್ಲ, ಅಲ್ವಾ?

ಮಾವನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಊಟ ಮಾಡ್ತೇನು?" ಅಂದರು. ಇನ್ನೂ ತೂರಾಡುತ್ತಾ ನಡೆಯುತ್ತಿದ್ದಾಳೆ.